ಕಡೂರಿಂದ ಕಾರ್ಕಳಕ್ಕೆ: ಈಗಿಲ್ಲದ ಒಂದು ಲೋಕಸಭಾ ಕ್ಷೇತ್ರದ ಉದ್ದಕ್ಕೂ

ಚಿಕ್ಕಮಗಳೂರು ಅಂತ ಒಂದು ಲೋಕಸಭಾ ಕ್ಷೇತ್ರ ಇತ್ತು. ಈಗ ಉಡುಪಿ-ಚಿಕ್ಕಮಗಳೂರು ಇದೆಯಲ್ಲ ಅಂತೀರಾ, ಅದು ಬೇರೆ. ಹಳೇದು 1967ರಲ್ಲಿ ಶುರುವಾಗಿ 2008ರ ಮರುವಿಂಗಡಣೆಯಲ್ಲಿ ಹೋಯ್ತು. 1977ರ ಚುನಾವಣೆಯಿಂದ ಕೊನೇವರೆಗೂ ಅದರ ಆಕಾರ ಹೇಗಿತ್ತು ಅಂದ್ರೆ, ತರೀಕೆರೆ, ಬೀರೂರು, ಕಡೂರು, ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ಆಮೇಲೆ ಘಟ್ಟ ಇಳಿದು ಬೆಳ್ತಂಗಡಿ, ಕಾರ್ಕಳ. ತೆಂಗು, ಈರುಳ್ಳಿ ಬೆಳೆಯೋ ಒಣ ಬಯಲಿಂದ ಹಿಡಿದು ಕಾಫಿ ತೋಟ, ಶೋಲಾ ಕಾಡು ದಾಟಿ ತುಳು ಮಾತಾಡೋ ಊರುಗಳವರೆಗೆ ಎಲ್ಲಾ ಸೇರಿ ಒಬ್ಬರೇ ಎಂಪಿ. ಇದನ್ನ ಒಂದ್ಸಲ ಈ ತುದಿಯಿಂದ ಆ ತುದಿವರೆಗೆ ರಸ್ತೆ ಮೇಲೆ ನೋಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು, ನವೆಂಬರ್ ಕೊನೇಲಿ ಮಳೆ ನಿಂತ ಮೇಲೆ ಇಬ್ಬರು ಸ್ನೇಹಿತರ ಜೊತೆ ಕಾರಲ್ಲಿ ಹೊರಟೆ.

ಎಲ್ಲರಿಗೂ ಈ ಕ್ಷೇತ್ರ ನೆನಪಿರೋದು ಒಂದೇ ಕಾರಣಕ್ಕೆ, 1978ರ ಇಂದಿರಾ ಗಾಂಧಿ ಉಪಚುನಾವಣೆ. ಆ ಚುನಾವಣೇಲಿ ಅವರು ಇಲ್ಲಿ ಯಾಕೆ ಗೆದ್ರು ಅನ್ನೋದಕ್ಕೆ ನನಗೆ ಉತ್ತರ ಬೇಕಿತ್ತು. ಪುಸ್ತಕದಲ್ಲಿ ಘೋಷಣೆ ಸಿಗುತ್ತೆ, ಅಂಕಿ ಸಿಗುತ್ತೆ, ಓಟು ಹಾಕಿದ ಜನ ಸಿಗಲ್ಲ.

ಬೀರೂರಿಂದ ಶುರು ಮಾಡಿದ್ವಿ. ಶಿವಮೊಗ್ಗ ಲೈನ್ ಕವಲೊಡೆಯೋ ಜಂಕ್ಷನ್ ಇರೋ ಊರು, ಪೇಟೆ ತುಂಬಾ ತೆಂಗಿನಕಾಯಿ ಮಂಡಿ. ಒಂದು ಕಾಲಕ್ಕೆ ಇದಕ್ಕೆ ಸ್ವಂತ ಅಸೆಂಬ್ಲಿ ಕ್ಷೇತ್ರಾನೇ ಇತ್ತು, 2008ರಲ್ಲಿ ಅದೂ ಹೋಯ್ತು. ಪಕ್ಕದ ಕಡೂರು ಇನ್ನೂ ದೊಡ್ಡ ಹೆಸರು ಕಳ್ಕೊಂಡ ಊರು, 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಇತ್ತು. ಅಲ್ಲಿ ಬಸ್ ಸ್ಟ್ಯಾಂಡ್ ಹತ್ರ ಟೀ ಅಂಗಡೀಲಿ ಕೂತಿದ್ದ ಯಜಮಾನ್ರೊಬ್ಬರನ್ನ ಮಾತಿಗೆಳೆದೆ. "ಆಗ ಎಲ್ಲಾನೂ ಚಿಕ್ಕಮಗಳೂರೇಯ. ಈಗ ನೋಡಣ್ಣ, ಡಿಸಿ ಆಫೀಸು ಚಿಕ್ಕಮಗಳೂರಾಗೈತೆ, ಎಂಪಿ ಹಾಸನದಾಗವ್ರೆ" ಅಂದ್ರು. 2009ರಿಂದ ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ಆ ಚುನಾವಣೇಲಿ, 2014ರಲ್ಲೂ ಇವರ ಎಂಪಿ ದೇವೇಗೌಡರು. 1952ರ ಮೊದಲ ಚುನಾವಣೇಲಿ ಹಾಸನ-ಚಿಕ್ಕಮಗಳೂರು ಅಂತ ಒಂದೇ ಕ್ಷೇತ್ರ ಇತ್ತು, ಹಂಗಾಗಿ ಕಡೂರಿನವರು ಹಾಸನದ ಜೊತೆ ಓಟು ಹಾಕೋದು ಪೂರ್ತಿ ಹೊಸದೇನಲ್ಲ ಅಂತ ನಾನಂದೆ. ಅವರಿಗೆ ಅದು ಸಮಾಧಾನ ತರಲಿಲ್ಲ. ನೀರಿನ ವಿಷಯ ತೆಗೆದ್ರು, ಕೆರೆಗಳಿಗೆ ನೀರು ತರೋ ಮಾತು ಎಷ್ಟು ಎಂಪಿಗಳ ಕಾಲದಿಂದ ಕೇಳ್ತಿದೀವಿ ಅಂದ್ರು, ಅದು ನ್ಯಾಯವಾದ ಸಿಟ್ಟೇ. ಸಖರಾಯಪಟ್ಟಣ ದಾಟಿ ಅಯ್ಯನಕೆರೆ ಏರಿ ಮೇಲೆ ನಿಂತಾಗ ಆ ಮಾತು ಮತ್ತೆ ನೆನಪಾಯ್ತು, ಬೆಟ್ಟದ ನೀರು ಇಷ್ಟು ಹತ್ತಿರ ಬಂದು ನಿಂತಿದೆ, ಸ್ವಲ್ಪ ಆಚೆ ಕಡೆ ಬೋರ್‌ವೆಲ್ ಬತ್ತಿದ ತೋಟ.

ಚಿಕ್ಕಮಗಳೂರು ಊರಲ್ಲಿ ಹೆಚ್ಚು ಹೊತ್ತು ಇರ್ಲಿಲ್ಲ, ವೀಕೆಂಡ್ ಟ್ರಾಫಿಕ್ಕು ಹೇಳತೀರದು, ಮುಳ್ಳಯ್ಯನಗಿರಿ ಕಡೆ ಹೋಗೋ ಗಾಡಿಗಳೇ ಊರು ತುಂಬಾ. ಕಡೂರಿಂದ ಇಲ್ಲಿಗೆ ರೈಲು ಬಂದಿದ್ದೇ 2013ರಲ್ಲಿ, ಅಂದ್ರೆ ಹಳೇ ಕ್ಷೇತ್ರ ಇದ್ದಷ್ಟು ದಿನವೂ ಅದರ ಹೆಸರಿನ ಊರಿಗೇ ರೈಲು ಇರ್ಲಿಲ್ಲ.

ಇಲ್ಲಿ ಕಥೆ ಸ್ವಲ್ಪ ಹೇಳ್ಬೇಕು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯ್ತು, ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯೇ ಸೋತ್ರು, ಆದ್ರೆ ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಬಂತು. ಚಿಕ್ಕಮಗಳೂರಲ್ಲಿ ಗೆದ್ದವರು ಡಿ.ಬಿ. ಚಂದ್ರೇಗೌಡ್ರು, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು, 1971ರಲ್ಲೂ ಅವರೇ. ಇಂದಿರಾಗೆ ಸಂಸತ್ತಿಗೆ ವಾಪಸ್ ಹೋಗೋಕೆ ಒಂದು ಸೀಟು ಬೇಕಾದಾಗ ಇವರು ರಾಜೀನಾಮೆ ಕೊಟ್ಟು ಬಿಟ್ಟುಕೊಟ್ರು. ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್ರು ನಿಂತ್ರು, ಪ್ರಚಾರಕ್ಕೆ ಮಂಗಳೂರಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಬಂದ್ರು, ಈ ಕಡೆ ಮುಖ್ಯಮಂತ್ರಿ ದೇವರಾಜ ಅರಸು. ಡಾ. ರಾಜಕುಮಾರ್ ಅವರನ್ನ ಇಂದಿರಾ ವಿರುದ್ಧ ನಿಲ್ಲಿಸೋ ಪ್ರಯತ್ನ ಆಯ್ತು, ಅವರು ಒಪ್ಪಲಿಲ್ಲ ಅಂತ ಇವತ್ತಿಗೂ ಈ ಕಡೆ ಹೇಳ್ತಾರೆ. "ಏಕ್ ಶೇರ್‌ನಿ ಸೌ ಲಂಗೂರ್, ಚಿಕ್‌ಮಗಳೂರ್ ಭಾಯಿ ಚಿಕ್‌ಮಗಳೂರ್" ಅನ್ನೋ ಘೋಷಣೆ ದೇಶ ಪೂರ್ತಿ ಕೇಳಿಸ್ತು. ನವೆಂಬರ್ 5ಕ್ಕೆ ಮತದಾನ. ಇಂದಿರಾಗೆ 2,49,376 ಓಟು, ಪಾಟೀಲ್ರಿಗೆ 1,72,043. ಅಂತರ 77,333.

ಆಲ್ದೂರಿನ ಆಚೆ ಪರಿಚಯದವರ ಎಸ್ಟೇಟ್‌ನಲ್ಲಿ ರಾತ್ರಿ ಉಳಿದ್ವಿ. ಅರೇಬಿಕಾ ಹಣ್ಣು ಕುಯ್ಲು ನಡೀತಿತ್ತು, ಕಣದಲ್ಲಿ ಕಾಫಿ ಹರವಿದ್ರು, ಸಂಜೆ ರೈಟರ್ ತೂಕದ ಲೆಕ್ಕ ಬರ್ಕೊಳ್ತಾ ನಿಂತಿದ್ರು. ತೋಟದ ಕೆಲಸದವರ ಲೈನ್ ಮನೇಲಿದ್ದ ಒಬ್ಬ ಅಜ್ಜಿ ಜೊತೆ ಮಾತಾಡ್ದೆ, ಮೂಲ ಬೆಳ್ತಂಗಡಿ ಕಡೆಯವರು, ಮದುವೆ ಆಗಿ ಗಂಡನ ಜೊತೆ ಘಟ್ಟ ಹತ್ತಿ ಕೆಲಸಕ್ಕೆ ಬಂದವರು ಇಲ್ಲೇ ಉಳಿದ್ರಂತೆ. "ಜಾಗ ಇಲ್ಲದವರು ಘಟ್ಟಕ್ಕೆ ಬರುದು, ಆಗ ಎಲ್ಲ ಹಾಗೇ" ಅಂದ್ರು. ಇಂದಿರಾ ನೆನಪಿದೆಯಾ ಅಜ್ಜಿ ಅಂದೆ. ದೂರದಿಂದ ನೋಡಿದ್ರಂತೆ, ತಲೆ ಮೇಲೆ ಸೆರಗು, ಕಾರಿಂದ ಇಳಿದು ಹೆಂಗಸರು ನಿಂತಿದ್ದ ಕಡೆಗೇ ಮೊದಲು ಬಂದ್ರು ಅಂದ್ರು. ಅಷ್ಟೇ ನೆನಪು, ಭಾಷಣದಲ್ಲಿ ಏನಂದ್ರು ಅನ್ನೋದು ಗೊತ್ತಿಲ್ಲ. ಓಟು ಯಾರಿಗೆ ಹಾಕಿದ್ರಿ ಅಂತ ನಾನು ಕೇಳಲಿಲ್ಲ, ಅವರೇ ಹೇಳಿದ್ರು, "ಅಮ್ಮನಿಗೇ. ಕೆಳಗೆ ನನ್ನ ಅಣ್ಣನಿಗೆ ಡಿಕ್ಲರೇಶನ್‌ನಲ್ಲಿ ಗದ್ದೆ ಆಯ್ತಲ್ಲ."

ಈ ಡಿಕ್ಲರೇಶನ್ ಅನ್ನೋ ಮಾತು ಹಿಡ್ಕೊಂಡೇ ಮರುದಿನ ಘಟ್ಟ ಇಳಿದಿದ್ದು ನಾನು. ಮೂಡಿಗೆರೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ, ಅಲ್ಲಿಂದ ಚಾರ್ಮಾಡಿ. ತಿರುವು ತಿರುವಿಗೂ ಮಂಜು, ಮಳೆಗಾಲದ ಝರಿಗಳು ಇನ್ನೂ ಪೂರ್ತಿ ಬತ್ತಿರ್ಲಿಲ್ಲ, 2019ರ ಆಗಸ್ಟ್ ಮಳೇಲಿ ಕುಸಿದ ಗುಡ್ಡಗಳ ಗಾಯ ಅಲ್ಲಲ್ಲಿ ಇನ್ನೂ ಕಾಣುತ್ತೆ. ಇಳೀತಾ ಇಳೀತಾ ಸೆಕೆ ಶುರು, ಸ್ವೆಟರ್ ತೆಗೆದು ಹಿಂದಿನ ಸೀಟಿಗೆ. ಕಕ್ಕಿಂಜೆ ಹತ್ರ ಬರುವಾಗ ಅಂಗಡಿಗಳಲ್ಲಿ ತುಳು, ಬ್ಯಾರಿ ಮಾತು. ಎಲೆಕ್ಷನ್ ಟೈಮಲ್ಲಿ ಇದೇ ರಸ್ತೇಲಿ ಅದೇ ಅಭ್ಯರ್ಥಿಯ ಜೀಪು ಮೇಲೂ ಕೆಳಗೂ ಓಡಾಡಿರ್ಬೇಕು, ಬೆಳಿಗ್ಗೆ ಕಡೂರಿನ ಬಿಸಿಲಲ್ಲಿ ಒಂದು ಮಾತು, ಸಂಜೆ ಬೆಳ್ತಂಗಡೀಲಿ ಬೇರೆಯದೇ ಮಾತು. 1956ರವರೆಗೆ ಘಟ್ಟದ ಮೇಲೆ ಮೈಸೂರು ರಾಜ್ಯ, ಕೆಳಗೆ ಮದ್ರಾಸು. ಜಮೀನಿನ ಕಾನೂನೂ ಬೇರೆ, ಕಂದಾಯದ ಪದ್ಧತಿಯೂ ಬೇರೆ.

ಬೆಳ್ತಂಗಡಿ ಹತ್ರ ಸ್ನೇಹಿತನ ಸಂಬಂಧಿಕರ ಮನೆ, ಚಿಕ್ಕ ಅಡಿಕೆ ತೋಟ. ಆ ಮನೆಯ ಹಿರಿಯರು ಊಟ ಆದ್ಮೇಲೆ ಕಪಾಟಿಂದ ಒಂದು ಫೈಲ್ ತಂದಿಟ್ರು. ಒಳಗೆ ಅವರ ತಂದೆ ಹಾಕಿದ್ದ ಫಾರ್ಮ್ ನಂಬರ್ 7ರ ಪ್ರತಿ, ಭೂ ನ್ಯಾಯಮಂಡಳಿ ಆದೇಶ, ಮಡಚಿದ ಕಡೆಯೆಲ್ಲ ಹರಿದು ಟೇಪ್ ಹಚ್ಚಿದ್ದು. ಅರಸು ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, ಗೇಣಿ ಪದ್ಧತೀನೇ ರದ್ದು, ಉಳುತ್ತಾ ಇದ್ದವರು ಫಾರ್ಮ್ 7ರಲ್ಲಿ ಅರ್ಜಿ ಹಾಕಿದ್ರೆ ತಾಲ್ಲೂಕಿನ ನ್ಯಾಯಮಂಡಳಿ ವಿಚಾರಣೆ ಮಾಡಿ ಜಾಗ ಅವರ ಹೆಸರಿಗೆ ಮಾಡ್ತಿತ್ತು. ಆ ಅರ್ಜಿಗೇ ಈ ಕಡೆ ಡಿಕ್ಲರೇಶನ್ ಅನ್ನೋದು. ಘಟ್ಟದ ಮೇಲಿನ ಬಯಲಲ್ಲಿ ಸ್ವಂತ ಹೊಲ ಇರೋ ರೈತರೇ ಜಾಸ್ತಿ, ಆದ್ರೆ ದಕ್ಷಿಣ ಕನ್ನಡದಲ್ಲಿ ಊರಿಗೆ ಊರೇ ಗೇಣಿ ಒಕ್ಕಲು. "ಎಷ್ಟು ಮುಡಿ ಅಕ್ಕಿ ಅಳೀಬೇಕಿತ್ತು ಗೊತ್ತುಂಟಾ? ಮಳೆ ಬರ್ಲಿ ಬಿಡ್ಲಿ, ಧನಿಗಳ ಮನೆಗೆ ಹೋಗಿ ಅಳೀಲೇಬೇಕು. ನನ್ನ ಅಪ್ಪ ಅವರ ಚಾವಡಿ ಹತ್ತಿದವರೇ ಅಲ್ಲ, ಅಂಗಳದಲ್ಲೇ ನಿಲ್ಲುದು" ಅಂದ್ರು. ಆ ಆದೇಶ ಬಂದ ಮೇಲೆ ಮನೆಗೆ ಹೆಂಚು ಹೊದೆಸಿದ್ದು, ತಾವು ಹೈಸ್ಕೂಲಿಗೆ ಹೋಗಿದ್ದು, ಎಲ್ಲಾ ಒಂದರ ಹಿಂದೊಂದು ಹೇಳ್ತಾ ಹೋದ್ರು. ನಾನು ಆ ಕಾಗದ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ, ನಿಜ ಹೇಳ್ತೀನಿ, ಮೈ ಜುಂ ಅಂತು.

ನನ್ನ ಪ್ರಕಾರ 1978ರ ಆ ಗೆಲುವಿನ ದೊಡ್ಡ ಪಾಲು ಈ ಕಾಗದಗಳಲ್ಲಿದೆ. ದೆಹಲಿಯಿಂದ ಬಂದ ಪತ್ರಕರ್ತರಿಗೆ ಅದು ಇಂದಿರಾ ಚುನಾವಣೆ, ತುರ್ತುಪರಿಸ್ಥಿತಿ ಮೇಲಿನ ತೀರ್ಪು. ಇಲ್ಲಿನವರಿಗೆ ತುರ್ತುಪರಿಸ್ಥಿತಿ ಕಾಲ ಅಂದ್ರೆ ಗೇಣಿ ತಪ್ಪಿದ ಕಾಲ. ಎರಡೂ ನಿಜವೇ, ಜೈಲಿಗೆ ಹೋದವರ ಸಂಕಟ ಸಣ್ಣದಲ್ಲ, ಹಾಗಂತ ಗೇಣಿಯವರ ಓಟನ್ನ ತಿಳುವಳಿಕೆ ಇಲ್ಲದವರ ಓಟು ಅನ್ನೋದನ್ನ ನಾನು ಒಪ್ಪಲ್ಲ. ಇನ್ನೊಂದು ಮಾತೂ ಹೇಳ್ಬೇಕು, ಜಾಗ ಕಳ್ಕೊಂಡವರೆಲ್ಲ ದೊಡ್ಡ ಧನಿಗಳಲ್ಲ, ಎರಡು ಮೂರು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಜೀವನ ಮಾಡ್ತಿದ್ದ ವಿಧವೆಯರ ಮನೆಗಳೂ ಇದ್ವು, ಆ ನೋವು ಕೂಡ ಈ ಊರುಗಳಲ್ಲಿ ಇನ್ನೂ ಇದೆ, ಅದೇ ಹಿರಿಯರೇ ಇದನ್ನ ಹೇಳಿದ್ದು.

ಗೆದ್ದ ಮೇಲಿನ ಕಥೆ ಚಿಕ್ಕದು. ಫಲಿತಾಂಶ ಬಂದು ಆರು ವಾರಾನೂ ಆಗಿರ್ಲಿಲ್ಲ, ಡಿಸೆಂಬರ್ 19ಕ್ಕೆ ಹಕ್ಕುಚ್ಯುತಿ ಆರೋಪದ ಮೇಲೆ ಲೋಕಸಭೆ ಇಂದಿರಾ ಅವರನ್ನ ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸ್ತು. ಆ ನಿರ್ಣಯವನ್ನ 1981ರ ಮೇನಲ್ಲಿ ಸದನ ರದ್ದು ಮಾಡ್ತು, ಆದ್ರೆ ಅಷ್ಟರಲ್ಲಿ ಅವರು 1980ರಲ್ಲಿ ರಾಯ್‌ಬರೇಲಿ, ಮೇದಕ್ ಎರಡೂ ಕಡೆ ನಿಂತು ಗೆದ್ದು ಪ್ರಧಾನಿ ಆಗಿದ್ರು. ಚಿಕ್ಕಮಗಳೂರಿಗೆ ಮತ್ತೆ ಅಭ್ಯರ್ಥಿಯಾಗಿ ಬರ್ಲಿಲ್ಲ. ಕಷ್ಟ ಕಾಲಕ್ಕೆ ಆಸರೆ ಕೊಟ್ಟ ಕ್ಷೇತ್ರದಲ್ಲೇ ಅವರು ಉಳಿಬೇಕಿತ್ತು ಅಂತ ನನಗನ್ಸುತ್ತೆ. ಜಮೀನು ಕೊಡಿಸಿದ ಅರಸು 1979ರಲ್ಲಿ ಇಂದಿರಾ ಜೊತೆ ಜಗಳವಾಗಿ ಹೊರಗೆ ಹೋದ್ರು, ಮರುವರ್ಷದ ಚುನಾವಣೇಲಿ ರಾಜ್ಯದ 28ರಲ್ಲಿ 27 ಸೀಟು ಇಂದಿರಾ ಕಾಂಗ್ರೆಸ್ಸಿಗೇ ಹೋಯ್ತು, ಅರಸುಗೆ ಏನೂ ಉಳೀಲಿಲ್ಲ. ಇದು ನನಗೆ ಬಹಳ ಬೇಜಾರಿನ ಭಾಗ.

ಗುರುವಾಯನಕೆರೆಯಿಂದ ಅಳದಂಗಡಿ, ನಾರಾವಿ, ಬಜಗೋಳಿ ರಸ್ತೇಲಿ ಕಾರ್ಕಳಕ್ಕೆ ಹೋದ್ವಿ. 1432ರ ಗೊಮ್ಮಟನ ಬೆಟ್ಟ ಹತ್ತಿದ್ವಿ, 42 ಅಡಿ ಕಲ್ಲಿನ ಎದುರು ನಿಂತು ತಿರುಗಿದ್ರೆ ಘಟ್ಟದ ಸಾಲು ಪೂರ್ತಿ ಗೋಡೆ ಹಾಗೆ ಕಾಣುತ್ತೆ. ಕಾರ್ಕಳದಿಂದ 1972ರಿಂದ ಶಾಸಕರಾಗಿದ್ದ ವೀರಪ್ಪ ಮೊಯ್ಲಿ ಮುಂದೆ 1992ರಲ್ಲಿ ಮುಖ್ಯಮಂತ್ರಿ ಆದ್ರು.

ಇಂದಿರಾ ಆದ್ಮೇಲೂ ಈ ಕ್ಷೇತ್ರ ಮೂವತ್ತು ವರ್ಷ ಬದುಕಿತ್ತು ಅನ್ನೋದನ್ನ ಯಾರೂ ಹೇಳಲ್ಲ. 1980, 1989ರಲ್ಲಿ ಡಿ.ಎಂ. ಪುಟ್ಟೇಗೌಡ್ರು, 1984, 1991ರಲ್ಲಿ ಡಿ.ಕೆ. ತಾರಾದೇವಿ, ಅವರು ನರಸಿಂಹ ರಾವ್ ಸರ್ಕಾರದಲ್ಲಿ ಆರೋಗ್ಯ ಖಾತೆ ರಾಜ್ಯ ಸಚಿವೆ ಕೂಡ ಆದ್ರು. 1996ರಲ್ಲಿ ಜನತಾ ದಳದ ಬಿ.ಎಲ್. ಶಂಕರ್. ಆಮೇಲೆ 1998, 1999, 2004 ಮೂರೂ ಸಲ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ, ಬಾಬಾಬುಡನ್‌ಗಿರಿ ವಿವಾದ ಜೋರಾಗಿದ್ದ ವರ್ಷಗಳು ಅವು. ಗೇಣಿ ನೆನಪಿದ್ದ ತಲೆಮಾರು ಕಮ್ಮಿ ಆಗ್ತಾ ಹೋದ ವರ್ಷಗಳೂ ಅವೇ.

2001ರ ಜನಗಣತಿ ಆಧಾರದ ಮರುವಿಂಗಡಣೆಯಲ್ಲಿ ಕಡೂರು ಹಾಸನಕ್ಕೆ, ಬೆಳ್ತಂಗಡಿ ದಕ್ಷಿಣ ಕನ್ನಡಕ್ಕೆ, ಬೀರೂರು ಇಲ್ಲವೇ ಇಲ್ಲ. ಉಳಿದ ಐದು ಕ್ಷೇತ್ರ ಉಡುಪಿ, ಕಾಪು, ಕುಂದಾಪುರದ ಜೊತೆ. ಬೆಳ್ತಂಗಡಿಗೆ ಮಂಗಳೂರೇ ಹತ್ತಿರ, ಅವರಿಗೆ ಅನುಕೂಲ ಆಗಿದೆ ಅಂತ ಅಲ್ಲಿನವರೇ ಹೇಳಿದ್ರು, ಒಪ್ಪಿದೆ. ಕಡೂರಿಗೆ ಆಗಿರೋದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ತರೀಕೆರೆಯ ಹೊಲದವರು ಮಲ್ಪೆಯ ಮೀನುಗಾರರ ಜೊತೆ ಒಂದೇ ಕ್ಷೇತ್ರದಲ್ಲಿರಬಹುದು ಅಂದ್ರೆ ಪಕ್ಕದ ಕಡೂರು ಯಾಕಾಗಬಾರದಿತ್ತು?

ವಾಪಸ್ ಬರುವಾಗ ಮಾಳ, ಎಸ್‌ಕೆ ಬಾರ್ಡರ್ (ಹಳೇ ಸೌತ್ ಕೆನರಾ ಗಡಿ), ಕೆರೆಕಟ್ಟೆ ಮೇಲೆ ಶೃಂಗೇರಿಗೆ ಹತ್ತಿದ್ವಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ರಸ್ತೆ. ಈ ರೂಟ್ ಮಾಡೋರಿಗೆ ನನ್ನ ಸಲಹೆ ಇಷ್ಟು: ಮಳೆಗಾಲದಲ್ಲಿ ಚಾರ್ಮಾಡಿ ಓಪನ್ ಇದೆಯಾ ಅಂತ ವಿಚಾರಿಸ್ಕೊಂಡೇ ಹೊರಡಿ, ಬಯಲಿಂದ ಶುರು ಮಾಡಿ ಘಟ್ಟ ಇಳೀರಿ, ಆಗಲೇ ಒಂದೊಂದೇ ಬದಲಾಗ್ತಾ ಹೋಗೋದು ಗೊತ್ತಾಗೋದು. ಆಗ ಓಟು ಹಾಕೋಕೆ 21 ವರ್ಷ ಆಗಿರ್ಬೇಕಿತ್ತು, ಅಂದ್ರೆ 1978ರಲ್ಲಿ ಓಟು ಹಾಕಿದವರಿಗೆ ಈಗ ಕಮ್ಮಿ ಅಂದ್ರೂ 68 ದಾಟಿದೆ. ಇಳಿದು ಮಾತಾಡ್ಸಿ, ಬೆಳ್ತಂಗಡಿ ಕಾರ್ಕಳದ ಕಡೆ ಯಾರಾದ್ರೂ ಫಾರ್ಮ್ 7ರ ಕಾಗದ ತೋರಿಸಿದ್ರೆ, ಅವರು ಒಪ್ಪಿದ್ರೆ ಮಾತ್ರ ಫೋಟೋ ತೆಗೆದು ಒಂದು ಕಾಪಿ ಅವರ ಮಕ್ಕಳ ಫೋನಿಗೂ ಕಳಿಸಿ.