ಮುತ್ತಿಗೆ ಬಿದ್ದ ಊರಲ್ಲಿ ಹೊಲ ಕೊಂಡವನು

2025ರ ಜುಲೈ 19, ಶನಿವಾರ ರಾತ್ರಿ. ಮಾರನೇ ದಿನ ಚರ್ಚಿನ ಆರಾಧನೆಯಲ್ಲಿ ಮಧ್ಯಸ್ಥಿಕೆ ಪ್ರಾರ್ಥನೆ, ಅಂದ್ರೆ ಬೇರೆಯವರಿಗಾಗಿ ಬೇಡೋ ಪ್ರಾರ್ಥನೆ, ಮಾಡೋ ಸರದಿ ನಂದು. ಹಾಳೆ ಮೇಲೆ "ಕರ್ತನೇ, ಯುದ್ಧ ಬೇಗ ನಿಂತುಹೋಗಲಿ" ಅಂತ ಬರೆದೆ, ಆಮೇಲೆ ಅದನ್ನೇ ಹೊಡೆದುಹಾಕಿದೆ. ಯಾಕಂದ್ರೆ 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನೊಳಗೆ ನುಗ್ಗಿದಾಗಿಂದ ಇದನ್ನೇ ಹೇಳ್ತಾ ಬಂದಿದೀವಿ, ಮಧ್ಯೆ ಗಾಜಾನೂ ಸೇರ್ಕೊಂಡ್ತು, ಯಾವುದೂ ನಿಂತಿರಲಿಲ್ಲ. ಅದೇ ವಾರ ಗುರುವಾರ ಗಾಜಾದಲ್ಲಿರೋ ಒಂದೇ ಒಂದು ಕ್ಯಾಥೊಲಿಕ್ ಚರ್ಚು, ಪವಿತ್ರ ಕುಟುಂಬದ ಚರ್ಚಿನ ಮೇಲೆ ಶೆಲ್ ಬಿದ್ದು ಮೂರು ಜನ ತೀರ್ಕೊಂಡಿದ್ರು, ಫಾದರ್ ಕಾಲಿಗೂ ಗಾಯ ಆಗಿತ್ತು. ಆಶ್ರಯ ಅಂತ ಚರ್ಚಿಗೆ ಓಡಿಬಂದವರಿಗೇ ಹೀಗಾದ್ರೆ ದೇವರೇ ನಮ್ಮ ಆಶ್ರಯದುರ್ಗ ಅನ್ನೋ ಕೀರ್ತನೆನ ಯಾವ ಬಾಯಲ್ಲಿ ಓದಲಿ ಅನ್ನಿಸ್ತು. ಅಳು ಬರಲಿಲ್ಲ, ಸಿಟ್ಟು ಬಂತು, ಅದನ್ನ ದೇವರ ಮುಂದೆನೇ ಹೇಳಿದೆ.

ಹಾಗೇ ಬೈಬಲ್ ಪುಟ ತಿರುವ್ತಾ ಪ್ರವಾದಿ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯಕ್ಕೆ ಬಂದೆ. ಎಷ್ಟೋ ಸಲ ಓದಿದ್ದೇ, ಆದ್ರೆ ಆವತ್ತು ಬೇರೆ ಥರ ಕಾಣಿಸ್ತು. ಬಾಬೆಲ್ ರಾಜ್ಯದ ಸೈನ್ಯ ಜೆರುಸಲೇಮಿಗೆ ಮುತ್ತಿಗೆ ಹಾಕಿದೆ, ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದಾನೆ, ಊರು ಬಿದ್ದೇ ಬೀಳತ್ತೆ ಅಂತ ಸಾರಿದವನೂ ಅವನೇ. ಅಂಥವನ ಹತ್ರ ಚಿಕ್ಕಪ್ಪನ ಮಗ ಬಂದು ಅನಾತೋತ್ ಅನ್ನೋ ಊರಿನ ಹೊಲ ಕೊಂಡ್ಕೋ ಅಂತಾನೆ. ದೇವರ ಮಾತಿನಂತೆ ಇವನು ಕೊಳ್ತಾನೆ! 17 ಶೆಕೆಲ್ (ಆಗಿನ ಕಾಲದ ತೂಕ) ಬೆಳ್ಳಿನ ತಕ್ಕಡೀಲಿ ತೂಗಿ ಕೊಟ್ಟು, ಪತ್ರಕ್ಕೆ ರುಜು ಹಾಕಿ, ಸಾಕ್ಷಿಗಳನ್ನ ಕೂರಿಸಿ, ಮುದ್ರೆ ಒತ್ತಿ, ಬಹಳ ಕಾಲ ಉಳೀಲಿ ಅಂತ ಅದನ್ನ ಮಣ್ಣಿನ ಗಡಿಗೇಲಿ ಇಡಿಸ್ತಾನೆ. ನಂಗೆ ಆ ತಕ್ಕಡಿನೇ ಕಣ್ಣಿಗೆ ಕಟ್ಟಿದ ಹಾಗಾಯ್ತು. ಕೋಟೆ ಹೊರಗೆ ಶತ್ರು ದಿಬ್ಬ ಕಟ್ತಾ ಇದಾನೆ, ಒಳಗೆ ಒಬ್ಬ ಕೈದಿ ಬೆಳ್ಳಿ ತೂಗ್ತಾ ಕೂತಿದಾನೆ. ಇಷ್ಟೆಲ್ಲ ಮುಗಿದ ಮೇಲೆ ಅವನೇ ದೇವರನ್ನ ಕೇಳ್ತಾನೆ, ಊರು ಶತ್ರು ಕೈಗೆ ಹೋಗ್ತಿರೋವಾಗ ಹೊಲ ಕೊಂಡ್ಕೋ ಅಂದೆಯಲ್ಲಾ ಅಂತ. ಅಂದ್ರೆ ಅವನಿಗೂ ಅರ್ಥ ಆಗಿರಲಿಲ್ಲ, ಆದ್ರೂ ಮೊದಲು ಕೊಂಡ, ಆಮೇಲೆ ಕೇಳಿದ. ನಮ್ಮ ಬೈಬಲ್ ನಿರೀಕ್ಷೆ ಅನ್ನೋದು ಇದನ್ನೇ ಅಂತ ನಾನು ನಂಬ್ತೀನಿ, ಎಲ್ಲಾ ಸರಿಹೋಗತ್ತೆ ಬಿಡು ಅನ್ನೋ ಸಮಾಧಾನದ ಮಾತನ್ನಲ್ಲ.

ಆಗ ಪೋಪ್ ಫ್ರಾನ್ಸಿಸ್ ನೆನಪಾದ್ರು. 2023ರ ಅಕ್ಟೋಬರಿಂದ ಸಂಜೆಯಾದ್ರೆ ಅದೇ ಗಾಜಾ ಚರ್ಚಿಗೆ ಫೋನ್ ಮಾಡ್ತಿದ್ರು, ಆಸ್ಪತ್ರೇಲಿ ಮಲಗಿದ್ದಾಗಲೂ ಮಾಡಿದ್ರು. ಕೊನೇ ಕಾಲ್ 2025ರ ಏಪ್ರಿಲ್ 19ಕ್ಕೆ, 21ಕ್ಕೆ ತೀರ್ಕೊಂಡ್ರು. ಅಷ್ಟು ದೊಡ್ಡವರು ಫೋನಲ್ಲಿ ಕೇಳ್ತಿದ್ದಿದ್ದು ಹೇಗಿದೀರಾ, ಏನು ಊಟ ಮಾಡಿದ್ರಿ ಅಂತ. ಯುದ್ಧ ಅವರ ಕೈಲೂ ನಿಲ್ಲಲಿಲ್ಲ.

ನನ್ನ ಗೆಳತಿ ಒಬ್ಬಳು ಇಸ್ರೇಲಲ್ಲಿ ಕೇರ್‌ಗಿವರ್ ಆಗಿದಾಳೆ. ಜೂನಲ್ಲಿ ಇರಾನಿನ ಮಿಸೈಲ್ ಬೀಳ್ತಿದ್ದ ರಾತ್ರಿಗಳಲ್ಲಿ ಸೈರನ್ ಆದಾಗೆಲ್ಲ ವೀಲ್‌ಚೇರಿನ ಅಜ್ಜಿನ ಸೇಫ್ ರೂಮಿಗೆ ತಳ್ಕೊಂಡು ಓಡ್ತಿದ್ಳಂತೆ. ನಾನು ಕೈ ಮುಗಿದ ಎಮೋಜಿ ಕಳಿಸಿದ್ದು ಬಿಟ್ರೆ ಒಂದು ಸಲಾನೂ ಫೋನ್ ಮಾಡಿರಲಿಲ್ಲ, ಮಾಡಿದ್ರೆ ಏನು ಹೇಳೋದು ಅಂತ. ಆ ರಾತ್ರಿ ಮಾಡಿದೆ. ಗಾಬರಿಯಿಂದ "ಏನಾಯ್ತೇ?" ಅಂದ್ಳು.

"ಏನಿಲ್ಲ ಕಣೆ. ಊಟ ಆಯ್ತಾ?"

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಇಲ್ಲ, ಮೊದ್ಲು ಅಜ್ಜಿಗೆ ತಿನ್ನಿಸ್ಬೇಕು, ಫೋನ್ ಇಡ್ಬೇಡ, ಲೈನಲ್ಲೇ ಇರು" ಅಂದ್ಳು. ಇದ್ದೆ. ಚಮಚ ತಟ್ಟೆಗೆ ತಾಗೋ ಸದ್ದು, ಅಜ್ಜಿ ನಂಗೆ ಅರ್ಥವಾಗದ ಭಾಷೇಲಿ ಏನೋ ಗೊಣಗೋದು, ಇವಳು ಅದೇ ಭಾಷೇಲಿ ರಮಿಸೋದು, ಎಲ್ಲಾ ಕೇಳ್ತಾ ಕೂತಿದ್ದೆ. ಊಟ ಮುಗಿದ ಮೇಲೆ ಅವಳೇ ಗಾಜಾ ಚರ್ಚಿನ ಸುದ್ದಿ ಎತ್ತಿದ್ಳು, ಅವತ್ತಿಡೀ ಕೆಲಸ ಮಾಡೋಕೇ ಆಗ್ಲಿಲ್ಲ ಅಂತ. ಇಬ್ರೂ ಫೋನಲ್ಲೇ ಕರ್ತನ ಪ್ರಾರ್ಥನೆ ಹೇಳಿದ್ವಿ. "ನಿನ್ನ ರಾಜ್ಯವು ಬರಲಿ" ಅನ್ನೋ ಹತ್ರ ಅವಳ ಗಂಟಲು ಕಟ್ಟಿತು, ಮುಂದಿನದ್ದು ನಾನೊಬ್ಬಳೇ ಹೇಳ್ಬೇಕಾಯ್ತು.

ಭಾನುವಾರ ಹೊಡೆದುಹಾಕಿದ್ದ ಸಾಲನ್ನ ಮತ್ತೆ ಬರೆದು ಅದನ್ನೇ ಓದಿದೆ. ಗಾಜಾ ಚರ್ಚಿನ ಅಂಗಳದಲ್ಲಿ ಉಳಿದವರಿಗಾಗಿ, ಆ ಅಜ್ಜಿಗಾಗಿ, ಉಕ್ರೇನಿನ ತಾಯಂದಿರಿಗೆ, ರಷ್ಯಾದ ತಾಯಂದಿರಿಗೂ ಬೇಡಿಕೊಂಡೆ. ಸಂಜೆ ಗೆಳತಿಗೆ ಮತ್ತೆ ಫೋನ್ ಹಚ್ಚಿದೆ. ಮೊದಲ ಸಲ ಸಿಗಲಿಲ್ಲ, ಮತ್ತೆ ಮಾಡಿದೆ.