ಸುಲಭದ ಬಗ್‌ಗಳನ್ನು ನಾನೇ ಸರಿಮಾಡದೆ ಬಿಟ್ಟ ಏಳು ವಾರ

ವಾರ 1
ಫೋಟೋ ಫೈಲ್‌ಗಳ ಹೆಸರು ಬದಲಿಸುವ ನನ್ನ ಪುಟ್ಟ ಓಪನ್ ಸೋರ್ಸ್ ಟೂಲ್‌ನಲ್ಲಿ (ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು) 41 ಬಗ್ ಬಾಕಿ. ಅವುಗಳಲ್ಲಿ ಏಳಕ್ಕೆ 'ಗುಡ್ ಫಸ್ಟ್ ಇಶ್ಯೂ' ಲೇಬಲ್ ಅಂಟಿಸಿದೆ, ಅಂದರೆ ಹೊಸಬರು ಮೊದಲು ಕೈ ಹಾಕಬಹುದಾದ ಸುಲಭದ ಕೆಲಸ. ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನವರು ಇಂಥವನ್ನು 'ಈಸಿ ಹ್ಯಾಕ್ಸ್' ಅಂತಾರೆ, ಲಿನಕ್ಸ್ ಆವೃತ್ತಿ ಡೆಬಿಯನ್‌ನಲ್ಲಿ 'ನ್ಯೂಕಮರ್' ಟ್ಯಾಗ್ ಇದೆ. ಹೊಸಬರು ಹುಡುಕಿಕೊಂಡು ಬರ್ತಾರೆ ಅಂದುಕೊಂಡೆ.

ವಾರ 3
ಒಬ್ಬರೂ ಬರಲಿಲ್ಲ. ನಾನೇ ಬರೆದಿದ್ದ ಒಂದು ಬಗ್ ವಿವರ ತೆರೆದು ನೋಡಿದೆ. "ಸಾರ್ಟಿಂಗ್ ಸರಿಯಿಲ್ಲ." ಅಷ್ಟೇ! ಇದನ್ನು ಓದಿ ಯಾರು ತಾನೇ ಕೈ ಹಾಕುತ್ತಾರೆ?

ಮತ್ತೆ ಬರೆದೆ. ಫೋಲ್ಡರ್‌ನಲ್ಲಿ ಫೋಟೋ 1, ಫೋಟೋ 2, ಫೋಟೋ 10 ಇಡಿ. ಟೂಲ್ ಓಡಿಸಿದರೆ ಬರುವ ಸಾಲು: 1, 10, 2. ಕಾರಣ, ನಮ್ಮ ಕೋಡ್ ಅಂಕಿಗಳನ್ನೂ ಅಕ್ಷರಗಳಂತೆ ಒಂದೊಂದಾಗಿ ಹೋಲಿಸುತ್ತದೆ. 10ರ ಮೊದಲ '1', '2'ಕ್ಕಿಂತ ಚಿಕ್ಕದು, ಹಾಗಾಗಿ ಮುಂದೆ ಬರುತ್ತದೆ. ಯಾವ ಫೈಲ್, ಯಾವ ಫಂಕ್ಷನ್, ಟೆಸ್ಟ್ ಓಡಿಸುವುದು ಹೇಗೆ, ಎಲ್ಲ ಸೇರಿಸಿದೆ. ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ನಾನೇ ಸರಿಮಾಡಿದ್ದರೆ ಹತ್ತು ನಿಮಿಷ. ಕೈ ತುರಿಸ್ತಿತ್ತು, ಸುಳ್ಳು ಯಾಕೆ ಹೇಳಲಿ.

ವಾರ 4
ಮೂರು ದಿನದಲ್ಲಿ ಒಬ್ಬರು ಬಂದರು. ಮೊದಲ ಪ್ರಶ್ನೆಯೇ ಸಾರ್ಟಿಂಗ್ ಬಗ್ಗೆ ಅಲ್ಲ: "ಇನ್‌ಸ್ಟಾಲ್ ಆಗ್ತಿಲ್ಲ, ನಾನೇನೋ ತಪ್ಪು ಮಾಡ್ತಿದ್ದೀನಿ ಅನ್ಸುತ್ತೆ." ತಪ್ಪು ಅವರದ್ದಲ್ಲ. ರೀಡ್‌ಮಿಯಲ್ಲಿ, ಅಂದರೆ ಟೂಲ್‌ನ ಸೂಚನೆಗಳ ಫೈಲ್‌ನಲ್ಲಿ, ಒಂದು ಲೈಬ್ರರಿ (ಟೂಲ್‌ಗೆ ಬೇಕಾದ ಸಿದ್ಧ ಕೋಡ್) ಹಾಕಿಕೊಳ್ಳುವ ಹೆಜ್ಜೆಯೇ ಬಿಟ್ಟುಹೋಗಿತ್ತು. ನನ್ನ ಯಂತ್ರದಲ್ಲಿ ಆ ಲೈಬ್ರರಿ ಮೊದಲೇ ಇದ್ದದ್ದರಿಂದ ಇಷ್ಟು ದಿನ ನನಗೆ ಗೊತ್ತೇ ಆಗಿರಲಿಲ್ಲ. ಆ ಸಾಲನ್ನು ಅವರೇ ಸೇರಿಸಲಿ ಅಂದೆ. ಅದೇ ಅವರ ಮೊದಲ ಪುಲ್ ರಿಕ್ವೆಸ್ಟ್, ಅಂದರೆ 'ಈ ಬದಲಾವಣೆ ಸೇರಿಸಿಕೊಳ್ಳಿ' ಎಂಬ ಕೋರಿಕೆ.

ವಾರ 5
ನಾಚಿಕೆಯ ವಾರ. ಇನ್ನೊಂದು ಬಗ್ ಅನ್ನು ಬೇರೊಬ್ಬರು "ನಾನು ನೋಡ್ತೀನಿ" ಅಂತ ತೆಗೆದುಕೊಂಡಿದ್ದರು. ಆರು ದಿನ ಸುದ್ದಿ ಇಲ್ಲ. ಒಂದು ರಾತ್ರಿ ಸುಮ್ನೆ ಕೂತು ನಾನೇ ಸರಿಮಾಡಿ ಮರ್ಜ್ ಮಾಡಿಬಿಟ್ಟೆ, ಅಂದರೆ ಮುಖ್ಯ ಕೋಡ್‌ಗೆ ಸೇರಿಸಿಬಿಟ್ಟೆ. ಬೆಳಿಗ್ಗೆ ಅವರ ಪ್ಯಾಚ್ (ತಿದ್ದಿದ ಕೋಡ್) ಬಂದಿತ್ತು, ಜೊತೆಗೆ ನಾಲ್ಕು ಟೆಸ್ಟ್. ಕ್ಷಮೆ ಕೇಳಿದೆ. "ಪರವಾಗಿಲ್ಲ" ಅಂದರು. ಮತ್ತೆ ಬರಲಿಲ್ಲ.

ಈಗ ಒಂದು ನಿಯಮ: ಎರಡು ವಾರ ಕಾಯುವುದು, ಆಮೇಲೆ ಒಮ್ಮೆ ಕೇಳುವುದು. ಉತ್ತರ ಬರದಿದ್ದರೆ ಬಗ್ ಅನ್ನು ಇನ್ನೊಬ್ಬ ಹೊಸಬರಿಗೆ ಬಿಡುವುದು, ನನಗಲ್ಲ.

ವಾರ 7
ವಾರ 4ರಲ್ಲಿ ಬಂದವರ ಸಾರ್ಟಿಂಗ್ ಪ್ಯಾಚ್ ಮರ್ಜ್ ಆಯಿತು. ರಿವ್ಯೂನಲ್ಲಿ ನಾನು ಹನ್ನೊಂದು ಕಾಮೆಂಟ್ ಬರೆದಿದ್ದೆ. ಕಳಿಸುವ ಮುಂಚೆ ಎಂಟನ್ನು ಅಳಿಸಿದೆ. ಅವೆಲ್ಲ ಸ್ಪೇಸ್, ವೇರಿಯಬಲ್ ಹೆಸರಿನ ತಕರಾರು, ಫಾರ್ಮ್ಯಾಟರ್ (ಕೋಡ್‌ನ ರೂಪವನ್ನು ತಾನೇ ಸರಿಮಾಡುವ ಪ್ರೋಗ್ರಾಂ) ನೋಡಿಕೊಳ್ಳಬೇಕಾದ್ದೇ ಜಾಸ್ತಿ. ಬದಲಿಗೆ ಅವರೇ ನನ್ನನ್ನು ಕೇಳಿದರು: "ಫೋಟೋ 2, ಫೋಟೋ 02 ಎರಡೂ ಇದ್ದರೆ ಯಾವುದು ಮೊದಲು?" ನಾನು ಯೋಚಿಸಿಯೇ ಇರಲಿಲ್ಲ. ಅದಕ್ಕೂ ಒಂದು ಟೆಸ್ಟ್ ಅವರೇ ಬರೆದರು.

ಬಾಕಿ 38. ನಿನ್ನೆ ಹೊಸದೊಂದು ಬಂದಿದೆ: ದಿನಾಂಕವೇ ಇಲ್ಲದ ಫೋಟೋ ಸಿಕ್ಕರೆ ಟೂಲ್ ಕ್ರ್ಯಾಶ್ ಆಗುತ್ತದೆ. ಒಂದೇ ಸಾಲು ಬದಲಿಸಿದರೆ ಸಾಕು. ವಿವರ ಬರೆದು, ಲೇಬಲ್ ಅಂಟಿಸಿ, ಎಡಿಟರ್ ಮುಚ್ಚಿದ್ದೇನೆ.