ತಣ್ಣಗಿನ ಹೀಟ್‌ಸಿಂಕ್, ಸುಟ್ಟ ಟ್ರಾನ್ಸಿಸ್ಟರ್

ಹೋದ ಮೇ ತಿಂಗಳಲ್ಲಿ ಎರಡು 2ಎನ್3055 ಟ್ರಾನ್ಸಿಸ್ಟರ್ ಸುಟ್ಟೆ. ಮೊದಲನೆಯದು ಹೋದಾಗ ಬೇಜಾರಾಗಲಿಲ್ಲ, ಅದರ ಬಿಸಿ ಹೀರಿ ಗಾಳಿಗೆ ಬಿಡುವ ರೆಕ್ಕೆಗಳ ಅಲ್ಯೂಮಿನಿಯಂ ತುಂಡು, ಅಂದರೆ ಹೀಟ್‌ಸಿಂಕ್, ಸಣ್ಣದಾಯಿತು ಅಂದುಕೊಂಡೆ. ಎರಡನೆಯದು ಹೋದಾಗ ತಲೆ ಕೆಟ್ಟಿತು. ಅಷ್ಟರಲ್ಲಿ ಗುಜರಿಯಿಂದ ಹಳೇ ಆಂಪ್ಲಿಫೈಯರಿನ ದೊಡ್ಡ ಹೀಟ್‌ಸಿಂಕ್ ತಂದು ಹಾಕಿದ್ದೆ!

ವಿಜಯಪುರದ ನಮ್ಮ ಮನೆಯ ಮಾಳಿಗೆ ಮೇಲೆ ಪತ್ರಾಸಿನ ಖೋಲಿ ಇದೆ. ನನ್ನ ರಿಪೇರಿ ಕೆಲಸ ಅಲ್ಲೇ. ತಿಕೋಟಾ ಕಡೆಯ ದ್ರಾಕ್ಷಿ ರೈತರು ಔಷಧ ಹೊಡೆಯುವ ಬ್ಯಾಟರಿ ಪಂಪು ತರುತ್ತಾರೆ. ಅವನ್ನು ಓಡಿಸಿ ನೋಡಲು 12 ವೋಲ್ಟ್, 3 ಆಂಪಿಯರ್ ಪವರ್ ಸಪ್ಲೈ ಕಟ್ಟಿಕೊಂಡಿದ್ದೆ. ಅದರಲ್ಲಿ ವೋಲ್ಟೇಜ್ ಇಳಿಸಿ 12ಕ್ಕೆ ನಿಲ್ಲಿಸುವುದು ಈ ಟ್ರಾನ್ಸಿಸ್ಟರ್.

ಲೆಕ್ಕ ನೋಡಿ. ಟ್ರಾನ್ಸಿಸ್ಟರಿಗೆ ಬರುವುದು ಸುಮಾರು 24 ವೋಲ್ಟ್, ಹೊರಗೆ ಹೋಗುವುದು 12. ನಡುವಿನ 12 ವೋಲ್ಟ್, 3 ಆಂಪಿಯರ್ ಅಂದರೆ 36 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಕಂಪನಿ ಕೊಡುವ ಮಾಹಿತಿ ಹಾಳೆಯಲ್ಲಿ (ಡೇಟಾಶೀಟ್) 115 ವ್ಯಾಟ್ ತಡೆಯುತ್ತದೆ ಅಂತ ಬರೆದಿರುತ್ತಾರೆ. ಅದು ಟ್ರಾನ್ಸಿಸ್ಟರಿನ ಮೈ 25 ಡಿಗ್ರಿಯಲ್ಲೇ ಇದ್ದರೆ ಮಾತ್ರ. ಮೇ ತಿಂಗಳ ವಿಜಯಪುರದಲ್ಲಿ ಗೋಳಗುಮ್ಮಟದ ನೆರಳಲ್ಲೂ ಅದು ಸಿಗುವುದಿಲ್ಲ. ಬಿಸಿ ಒಳಗಿನ ಸಿಲಿಕಾನ್ ಚಿಪ್‌ನಿಂದ ಮೈಗೆ ಬರುವಷ್ಟರಲ್ಲೇ ವ್ಯಾಟಿಗೆ ಒಂದೂವರೆ ಡಿಗ್ರಿ, ಅಂದರೆ 54. ಖೋಲಿಯ ಬಿಸಿ 42. ಹೀಟ್‌ಸಿಂಕಿನ ಬಿಸಿ ಬಿಟ್ಟು ಕೂಡಿದರೆ 96. ಚಿಪ್ ತಡೆಯುವುದು 200 ಡಿಗ್ರಿವರೆಗೆ. ಮತ್ತ್ಯಾಕೆ ಸುಟ್ಟಿತು?

ಪಂಪು ತಂದಿದ್ದ ರೈತ ಕಾಕಾ ಮೊದಲು ಟ್ರಾನ್ಸಿಸ್ಟರ್, ಆಮೇಲೆ ಹೀಟ್‌ಸಿಂಕ್ ಮೇಲೆ ಬೆರಳು ಇಟ್ಟು ನೋಡಿದರು. "ಇದು ಸುಡಾಕತ್ತೈತಿ, ಅದು ತಣ್ಣಗೈತಿ. ರೊಟ್ಟಿ ಹಂಚಿಗೆ ಹತ್ತಿಲ್ಲ ತಮ್ಮಾ," ಅಂದರು.

ಬಿಚ್ಚಿದೆ. ಕಾಕಾ ಹೇಳಿದ್ದು ಸರಿ. ಡ್ರಿಲ್ ಹೊಡೆದಾಗ ತೂತಿನ ಅಂಚಲ್ಲಿ ಅಲ್ಯೂಮಿನಿಯಂ ಮೇಲೆದ್ದಿತ್ತು. ಟ್ರಾನ್ಸಿಸ್ಟರ್ ಆ ಅಂಚುಗಳ ಮೇಲೆ ನಿಂತಿತ್ತು, ಕೆಳಗೆಲ್ಲ ಪೇಸ್ಟು ಮತ್ತು ಗಾಳಿ. ಬಿಸಿ ದಾಟಿಸಲು ನಡುವೆ ಹಚ್ಚುವ ಈ ಪೇಸ್ಟನ್ನು ನಾನು ಬೆಣ್ಣೆ ಹಚ್ಚಿದ ಹಾಗೆ ಹಚ್ಚಿದ್ದೆ. ಜಾಸ್ತಿ ಹಚ್ಚಿದರೆ ಒಳ್ಳೇದು ಅಂತ ಯಾರು ಕಲಿಸಿದರೋ.

ದೊಡ್ಡ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಅಂಚು ಕೆತ್ತಿದೆ. ಕಿಟಕಿ ಗಾಜಿನ ಮೇಲೆ ಪಾಲಿಶ್ ಕಾಗದ ಹಾಸಿ, ಹೀಟ್‌ಸಿಂಕನ್ನು ಮಗುಚಿ ತಿಕ್ಕಿದೆ. ಅರ್ಧ ತಾಸು ಹಿಡಿಯಿತು, ತೋಳು ನೋವು ಬೇರೆ. ಮೈಕಾ ಹಾಳೆಯನ್ನು ಹಳೇ ಇಸ್ತ್ರಿಪೆಟ್ಟಿಗೆಯಿಂದ ತೆಗೆದೆ. ಬ್ಲೇಡಿನಿಂದ ಪದರು ಬಿಡಿಸಿ ತೆಳ್ಳಗೆ ಮಾಡಿಕೊಂಡೆ. ಕರೆಂಟು ದಾಟದಂತೆ ನಡುವೆ ಇಡುವ ಇದನ್ನು ಬಿಡುವ ಹಾಗಿಲ್ಲ, ಈ ಟ್ರಾನ್ಸಿಸ್ಟರಿನ ಮೈಯೇ ಕಲೆಕ್ಟರ್, ಅಂದರೆ ಕರೆಂಟಿರುವ ಒಂದು ತುದಿ ಅಲ್ವಾ. ಪೇಸ್ಟು ಈ ಸಲ ಕಂಡೂ ಕಾಣದಷ್ಟು. ಹೊಸ ಟ್ರಾನ್ಸಿಸ್ಟರ್ ಕೂರಿಸಿ ಸ್ಕ್ರೂ ಬಿಗಿದ ಮೇಲೆ ಮೀಟರ್ ಇಟ್ಟು ಮೈಗೂ ಹೀಟ್‌ಸಿಂಕಿಗೂ ಶಾರ್ಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ರೆಕ್ಕೆಗಳು ನೆಟ್ಟಗೆ ನಿಲ್ಲುವ ಹಾಗೆ ಕೂರಿಸಿದೆ, ಬಿಸಿ ಗಾಳಿ ಮೇಲೇರಲಿ ಅಂತ.

ಇನ್ನೊಂದು ಪುಕ್ಕಟೆ ಉಪಾಯ ಕಣ್ಣೆದುರಿಗೇ ಇತ್ತು. ಟ್ರಾನ್ಸ್‌ಫಾರ್ಮರಿನಲ್ಲಿ 18 ವೋಲ್ಟ್ ಎಸಿಯ ಜೊತೆ 15ರ ತಂತಿಯೂ ಇತ್ತು. 18 ಡಿಸಿಯಾದಾಗ ಆ 24 ಆಗುತ್ತದೆ, 15 ಆದರೆ ಸುಮಾರು 20. ಅದಕ್ಕೆ ಬದಲಿಸಿದೆ. 36 ವ್ಯಾಟ್ ಸುಮಾರು 24ಕ್ಕೆ ಇಳಿಯಿತು. ವೋಲ್ಟೇಜ್ ತೀರಾ ಕುಸಿಯದಿರಲಿ ಅಂತ ಕೆಪಾಸಿಟರ್ ಮಾತ್ರ 10,000 ಮೈಕ್ರೋಫ್ಯಾರಡ್ ಹಾಕಬೇಕಾಯಿತು.

ಕಾಕಾನ ಪಂಪು ಅರ್ಧ ತಾಸು ಓಡಿತು. ಹೀಟ್‌ಸಿಂಕ್ ಮುಟ್ಟಿ ನೋಡಿದೆ. ಕೈ ತಟ್ಟನೆ ಹಿಂದಕ್ಕೆ ಬಂತು. ಕಾಕಾ ನಕ್ಕರು. "ಈಗ ಹತ್ತೈತಿ ನೋಡು."